ಪೇರ್ ಹಣ್ಣು: ಬರೆಯುವುದು, ತಿನ್ನುವುದು – ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಚಿತ್ರ ಬರೆಯುವವಳು. ಬರೆದಿದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಪೇರ್ ಹಣ್ಣುಗಳೇ. ಹಾಗಾಗಿ ಯಾರ ಜೊತೆ ಮಾತಿಗೆ ಕೂತರೂ, ಯಾವ ಪತ್ರ ಬಿಚ್ಚಿದರೂ ಸುತ್ತಿ ಬಳಸಿ ಇವೇ ಪ್ರಶ್ನೆಗಳು ಎದುರಾಗುತ್ತವೆ. ಕೇಳಿದವರ ಮಾತಿನಲ್ಲೇ ಅವನ್ನು ಜೋಡಿಸಿಟ್ಟಿದ್ದೇನೆ. ಸುಲಭದ್ದು ಮೊದಲು, ಆಮೇಲೆ ತಿನ್ನುವ ವಿಷಯ, ಆಮೇಲೆ ಕಾಗದ ಮತ್ತು ಬಣ್ಣ. ಒಂದೊಂದು ಉತ್ತರವನ್ನೂ ಬಿಡಿಯಾಗಿ ಓದಿಕೊಳ್ಳಬಹುದು.

## ಮೊದಲ ಪ್ರಶ್ನೆಗಳು

ಪೇರ್ ಅಂದ್ರೆ ಪೇರಳೆಹಣ್ಣು ತಾನೇ?

ಅಲ್ಲ. ಪೇರಳೆ, ಸೀಬೆ, ಚೇಪೆ ಇವೆಲ್ಲ ಒಂದೇ ಹಣ್ಣಿನ ಹೆಸರುಗಳು. ಪೇರ್ ಬೇರೆ. ಅದನ್ನು ಕನ್ನಡದಲ್ಲಿ ಮರಸೇಬು ಅಂತಲೂ ಕರೆಯುತ್ತಾರೆ. ಹೆಸರು ಕಿವಿಗೆ ಹತ್ತಿರ ಇರುವುದರಿಂದ ಗೊಂದಲ ಆಗುತ್ತದೆ, ಅಷ್ಟೇ. ಪೇರ್ ಸೇರಿರುವುದು ಗುಲಾಬಿ, ಸೇಬುಗಳ ಕುಟುಂಬಕ್ಕೆ.

ಪೇರ್‌ನಲ್ಲಿ ಮುಖ್ಯವಾಗಿ ಎರಡು ಬಗೆ. ಕತ್ತು ಇರುವ, ಮಾಗಿದಾಗ ಬೆಣ್ಣೆಯ ಹಾಗೆ ಕರಗುವ ಯುರೋಪಿನ ಪೇರ್ ಒಂದು. ದುಂಡಗಿರುವ, ಸೇಬಿನಂತೆ ಕಟುಂ ಅನ್ನುವ ಏಷ್ಯಾದ ಪೇರ್ ಇನ್ನೊಂದು. ಇಲ್ಲಿ ನಾನು ಮಾತಾಡುವುದು ಜಾಸ್ತಿ ಮೊದಲನೆಯದರ ಬಗ್ಗೆ. ನನ್ನನ್ನು ಹಿಡಿದು ಕೂರಿಸಿದ್ದು ಆ ಕತ್ತು.

ಅಷ್ಟೊಂದು ಹಣ್ಣಿವೆ, ನಿಮಗೆ ಪೇರೇ ಯಾಕೆ?

ಪೇರ್‌ಗೆ ನಿಲುವು ಇದೆ. ಕಿತ್ತಳೆಯನ್ನು ಮೇಜಿನ ಮೇಲಿಟ್ಟರೆ ಅದು ಸುಮ್ನೆ ಇರುತ್ತದೆ. ಪೇರ್ ಹಾಗಲ್ಲ, ನಿಲ್ಲುತ್ತದೆ. ಒಂದು ಪಕ್ಕಕ್ಕೆ ವಾಲುತ್ತದೆ. ಅದಕ್ಕೆ ಹೊಟ್ಟೆ ಇದೆ, ಹೆಗಲಿದೆ, ಬೆನ್ನಿದೆ. ಎರಡು ಪೇರ್ ಹತ್ತಿರ ಇಟ್ಟು ನೋಡಿ, ಏನೋ ಮಾತಾಡುತ್ತಿವೆ ಅನ್ನಿಸುತ್ತದೆ. ಒಂದನ್ನು ಸ್ವಲ್ಪ ತಿರುಗಿಸಿ, ಮುನಿಸಿಕೊಂಡ ಹಾಗೆ ಕಾಣುತ್ತದೆ. ಮನುಷ್ಯರನ್ನು ಬರೆಯಲು ಕಲಿಯುವವರಿಗೆ ಇದಕ್ಕಿಂತ ತಾಳ್ಮೆಯ ರೂಪದರ್ಶಿ ನನಗೆ ಕಂಡಿಲ್ಲ.

ಇನ್ನೊಂದು ಕಾರಣ ಹದ. ಪೇರ್ ಕಾಯಿಯಾಗಿ ಬರುತ್ತದೆ, ಕಣ್ಣೆದುರಲ್ಲೇ ದೋರೆಯಾಗುತ್ತದೆ, ಹಣ್ಣಾಗುತ್ತದೆ, ಕಳಿತು ಹೋಗುತ್ತದೆ. ಇದೆಲ್ಲ ಒಂದು ವಾರದೊಳಗೆ. ಅಷ್ಟರಲ್ಲಿ ನಾನು ನೋಡಿ, ಬರೆದು, ತಿಂದು ಮುಗಿಸಬೇಕು. ಬರೆಯುವ ಹೊತ್ತು ತಪ್ಪಿದರೆ ತಿನ್ನುವ ಹೊತ್ತೂ ತಪ್ಪುತ್ತದೆ. ಎರಡಕ್ಕೂ ಬೇಕಿರುವ ಗಮನ ಒಂದೇ ಅಂತ ನನಗೆ ಅರ್ಥವಾಗಿದ್ದು ಈ ಹಣ್ಣಿನಿಂದ.

ಬರೆದಾದ ಮೇಲೆ ಆ ಹಣ್ಣನ್ನು ನಿಜವಾಗ್ಲೂ ತಿಂತೀರಾ?

ತಿನ್ನುತ್ತೇನೆ. ತಿಂದ ಮೇಲೆ ಎಷ್ಟೋ ಸಲ ಚಿತ್ರವನ್ನು ತಿದ್ದಿದ್ದೇನೆ.

ಒಮ್ಮೆ ನಾಲ್ಕು ದಿನ ಕೂತು ಒಂದು ಹಳದಿ ಪೇರ್ ಬರೆದಿದ್ದೆ. ಆಕಾರ ಸರಿ ಇತ್ತು, ಬಣ್ಣ ಸರಿ ಇತ್ತು, ಆದರೂ ಹಣ್ಣು ಟೊಳ್ಳಾಗಿ ಕಾಣುತ್ತಿತ್ತು. ಐದನೇ ದಿನ ಹಣ್ಣನ್ನು ಕೈಗೆತ್ತಿಕೊಂಡೆ. ಅಂಗೈಯಲ್ಲಿ ಭಾರವೆಲ್ಲ ಕೆಳಗಿತ್ತು. ಕಚ್ಚಿದರೆ ಕತ್ತಿನ ಹತ್ತಿರ ತಿರುಳು ತೆಳು, ಹೊಟ್ಟೆಯ ಹತ್ತಿರ ರಸ ಮಣಿಕಟ್ಟಿನವರೆಗೆ ಇಳಿಯಿತು. ಕೈ ತೊಳೆದು ಬಂದು ಬುಡದ ಕೆಳಗಿನ ನೆರಳನ್ನು ಗಾಢ ಮಾಡಿದೆ. ಹಣ್ಣು ಮೇಜನ್ನು ತಾಗುವ ಆ ಒಂದು ಗೆರೆ, ಅಷ್ಟೇ. ಚಿತ್ರ ಕೂತುಕೊಂಡಿತು. ಅವತ್ತಿನಿಂದ ಬರೆಯುವ ಮೊದಲೇ ಹಣ್ಣನ್ನು ಕೈಯಲ್ಲಿ ಹಿಡಿದು ತೂಗಿ ನೋಡುತ್ತೇನೆ.

ಯಾವ ಪೇರ್ ನಿಮಗೆ ಪ್ರೀತಿ?

ತಿನ್ನಲು ಕಾಮಿಸ್. ಗಿಡ್ಡ, ದಪ್ಪ, ಮಾಗಿದಾಗ ಚಮಚದಲ್ಲಿ ತೆಗೆದು ತಿನ್ನುವಷ್ಟು ಮೆತ್ತಗೆ. ಬರೆಯಲು ಬಾಸ್ಕ್. ಉದ್ದ ಕತ್ತು, ಕಂದು ಬಣ್ಣದ ಒರಟು ಸಿಪ್ಪೆ, ಬೆಳಕನ್ನು ಹೀರಿಕೊಳ್ಳುತ್ತದೆ, ಹೊಳೆಯುವುದಿಲ್ಲ. ಎರಡೂ ಕೆಲಸಕ್ಕೆ ಒಂದೇ ಬೇಕು ಅಂದರೆ ಬಾರ್ಟ್ಲೆಟ್. ಹಸಿರಿನಿಂದ ಹಳದಿಗೆ ತಿರುಗುವುದು ಕಣ್ಣಿಗೆ ಕಾಣುತ್ತದೆ, ವಾಸನೆಯಂತೂ ಕೋಣೆ ತುಂಬುತ್ತದೆ. ಮೈತುಂಬ ಕೆಂಪು ಚುಕ್ಕೆಯ ಪುಟ್ಟ ಫೊರೆಲ್ ಸಿಕ್ಕರೆ ಬಿಡಬೇಡಿ, ಅದು ಜಲವರ್ಣಕ್ಕೆ ಹೇಳಿ ಮಾಡಿಸಿದ್ದು.

## ತಿನ್ನುವವರು ಕೇಳುವುದು

ನಾನು ತಂದ ಪೇರ್ ಯಾವಾಗ್ಲೂ ಕಲ್ಲಿನ ಹಾಗಿರುತ್ತೆ. ಆರಿಸೋಕೆ ಬರಲ್ವೋ ಏನೋ?

ನಿಮ್ಮ ತಪ್ಪಲ್ಲ. ಯುರೋಪಿನ ಪೇರ್‌ಗಳನ್ನು ಬಲಿತ ಕಾಯಿಯಾಗಿದ್ದಾಗಲೇ ಕೀಳುತ್ತಾರೆ. ಅವು ಚೆನ್ನಾಗಿ ಹಣ್ಣಾಗುವುದು ಮರದಿಂದ ಇಳಿದ ಮೇಲೆ. ಹಲವು ತಳಿಗಳಿಗೆ ಮೊದಲು ಒಂದಷ್ಟು ದಿನ ಥಂಡಿಯೂ ಬೇಕು. ಬಾರ್ಟ್ಲೆಟ್‌ಗೆ ಸ್ವಲ್ಪ ಸಾಕು, ಆಂಜು ಎಂಬ ತಳಿಗೆ ಸುಮಾರು 2 ತಿಂಗಳು ಬೇಕಾಗುತ್ತದೆ. ಆ ಥಂಡಿಯ ಕೆಲಸ ಸಾಮಾನ್ಯವಾಗಿ ಅಂಗಡಿಗೆ ಬರುವ ಮೊದಲೇ ಮುಗಿದಿರುತ್ತದೆ.

ನೀವು ಮಾಡಬೇಕಾದ್ದು ಕಾಯುವುದು. ಫ್ರಿಜ್ಜಿನಲ್ಲಿ ಇಡದೆ ಹೊರಗೆ, ತುಂಬಾ ಬಿಸಿ ಇಲ್ಲದ ಜಾಗದಲ್ಲಿ ಇಡಿ. 18ರಿಂದ 21 ಡಿಗ್ರಿ ಇದ್ದರೆ ಒಳ್ಳೆಯದು. ಬೇಗ ಬೇಕಿದ್ದರೆ ಕಾಗದದ ಚೀಲದಲ್ಲಿ ಬಾಳೆಹಣ್ಣಿನ ಜೊತೆ ಹಾಕಿ. ಬಾಳೆಹಣ್ಣು ಬಿಡುವ ಎಥಿಲೀನ್ ಅನಿಲ ಪೇರನ್ನೂ ಮಾಗಿಸುತ್ತದೆ. ಹದ ನೋಡಲು ಹೊಟ್ಟೆ ಒತ್ತಬೇಡಿ. ತೊಟ್ಟಿನ ಪಕ್ಕ, ಕತ್ತಿನ ಮೇಲೆ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ. ಅಲ್ಲಿ ಸ್ವಲ್ಪ ಬಾಗಿದರೆ ಅದೇ ದಿನ ತಿನ್ನಿ. ಇನ್ನೆರಡು ದಿನ ತಡೆಯಬೇಕು ಅಂದರೆ ಆಗ ಫ್ರಿಜ್ಜಿಗೆ ಹಾಕಿ.

ಬಣ್ಣವನ್ನು ಮಾತ್ರ ನಂಬಿ ಕೂರಬೇಡಿ. ಹಸಿರು ಆಂಜು ಹಣ್ಣಾದರೂ ಹಸಿರಾಗಿಯೇ ಇರುತ್ತದೆ.

ಹೊರಗೆ ಚೆನ್ನಾಗಿತ್ತು, ಹೆಚ್ಚಿದರೆ ಒಳಗೆಲ್ಲ ಕಂದು. ಯಾಕೆ ಹೀಗೆ?

ಪೇರ್ ಒಳಗಿನಿಂದ ಹೊರಕ್ಕೆ ಮಾಗುತ್ತದೆ. ಹೊಟ್ಟೆ ಮೆತ್ತಗಾಯಿತು ಅಂತ ನಿಮ್ಮ ಬೆರಳಿಗೆ ತಿಳಿಯುವ ಹೊತ್ತಿಗೆ ಬೀಜದ ಗೂಡಿನ ಸುತ್ತ ಕಳಿತು ಹೋಗಿರುತ್ತದೆ. ಕತ್ತನ್ನು ಒತ್ತಿ ನೋಡಿ ಅಂತ ಹೇಳುವುದು ಇದಕ್ಕೇ. ಮರದಲ್ಲೇ ಬಹಳ ದಿನ ಬಿಟ್ಟ ಹಣ್ಣುಗಳಿಗೂ ಇದೇ ಪಾಡು.

ಬಾಯಿಗೆ ಮರಳು ಸಿಕ್ಕ ಹಾಗೆ ಆಗುತ್ತಲ್ಲ, ಅದೇನು?

ಅವು ಕಲ್ಲುಕೋಶಗಳು. ತಿರುಳಿನ ಕೆಲವು ಜೀವಕೋಶಗಳ ಗೋಡೆ ದಪ್ಪವಾಗಿ ಕಟ್ಟಿಗೆಯಂತೆ ಗಟ್ಟಿಯಾಗುತ್ತದೆ. ಕಟ್ಟಿಗೆಗೆ ಗಟ್ಟಿತನ ಕೊಡುವ ಲಿಗ್ನಿನ್ ಎಂಬ ವಸ್ತುವೇ ಇಲ್ಲೂ ಇರುತ್ತದೆ. ಬೀಜದ ಗೂಡಿನ ಸುತ್ತ ಇವು ಜಾಸ್ತಿ. ಹಣ್ಣು ಕೆಟ್ಟಿದೆ ಅಂತಲ್ಲ. ಕೆಲವರಿಗೆ ಇದು ಸೇರುವುದಿಲ್ಲ, ನನಗೆ ಆ ಸಣ್ಣ ಕರಕರ ಇಲ್ಲದಿದ್ದರೆ ಪೇರ್ ತಿಂದ ಹಾಗೇ ಆಗುವುದಿಲ್ಲ.

ಸಿಪ್ಪೆ ತೆಗೀಬೇಕಾ?

ಬೇಡ, ತೊಳೆದು ಹಾಗೇ ತಿನ್ನಿ. ನಾರು ಸಿಪ್ಪೆಯಲ್ಲಿ ಚೆನ್ನಾಗಿದೆ. ಮಧ್ಯಮ ಗಾತ್ರದ ಒಂದು ಹಣ್ಣಿನಲ್ಲಿ ಒಟ್ಟು 5ರಿಂದ 6 ಗ್ರಾಂ ನಾರು ಇರುತ್ತದೆ. ಬೇಯಿಸುವಾಗ ಮಾತ್ರ ಸುಲಿಯುತ್ತೇನೆ.

ಬೇಯಿಸಿದ್ರೆ ಮುದ್ದೆ ಆಗಲ್ವಾ?

ಪೂರ್ತಿ ಮಾಗಿದ್ದನ್ನು ಬೇಯಿಸಿದರೆ ಆಗುತ್ತದೆ. ದೋರೆ ಹಣ್ಣು ತೆಗೆದುಕೊಳ್ಳಿ, ಅದರಲ್ಲೂ ಬಾಸ್ಕ್. ಅದರ ತಿರುಳು ಬಿಗಿ, ಬೆಂದರೂ ಆಕಾರ ಬಿಡುವುದಿಲ್ಲ. ಒಂದು ಲೀಟರ್ ನೀರಿಗೆ ಕಾಲು ಕಿಲೋ ಸಕ್ಕರೆ, ಒಂದು ತುಂಡು ಚಕ್ಕೆ, ಒಂದೆರಡು ಸೀಳು ನಿಂಬೆ ಸಿಪ್ಪೆ. ತೊಟ್ಟು ಉಳಿಸಿಕೊಂಡು ಸುಲಿದ ಹಣ್ಣುಗಳನ್ನು ಇದರಲ್ಲಿ ಮುಳುಗಿಸಿ ಸಣ್ಣ ಉರಿಯಲ್ಲಿ 20ರಿಂದ 30 ನಿಮಿಷ ಬೇಯಿಸಿ. ನೀರು ಕುದಿದು ಎಗರಬಾರದು, ಅಲ್ಲಲ್ಲಿ ಗುಳ್ಳೆ ಏಳುತ್ತಿದ್ದರೆ ಸಾಕು. ಸೂಜಿ ಚುಚ್ಚಿದರೆ ತಡೆಯಿಲ್ಲದೆ ಇಳಿಯಬೇಕು. ಆಮೇಲೆ ಪಾಕದಲ್ಲೇ ಆರಲು ಬಿಡಿ. ಮಾರನೇ ದಿನ ರುಚಿ ಇನ್ನೂ ಚೆನ್ನಾಗಿರುತ್ತದೆ.

ಬೆಂದ ಪೇರ್ ಅಂಚಿನಲ್ಲಿ ದಂತದ ಬಣ್ಣಕ್ಕೆ ತಿರುಗಿ, ಬೆಳಕು ಒಳಗೆ ಹೊಕ್ಕು ಹೊರಬರುವಂತೆ ಕಾಣುತ್ತದೆ. ಕೆಲವು ತಳಿಗಳನ್ನು ತುಂಬಾ ಹೊತ್ತು ಬೇಯಿಸಿದರೆ ತಾನಾಗಿಯೇ ತಿಳಿ ಗುಲಾಬಿ ಬಣ್ಣ ಬರುತ್ತದೆ. ಬಟ್ಟಲಿನಲ್ಲಿಟ್ಟು ಒಂದು ಸ್ಕೆಚ್ ಮಾಡಿಯೇ ತಿನ್ನಿ, ದಯವಿಟ್ಟು.

ಪೇರ್ ತಿಂದ್ರೆ ನನಗೆ ಹೊಟ್ಟೆ ಉಬ್ಬುತ್ತೆ. ನನಗೊಬ್ಬಳಿಗೇನಾ?

ನಿಮಗೊಬ್ಬರಿಗೇ ಅಲ್ಲ. ಪೇರ್‌ನಲ್ಲಿ ಸಾರ್ಬಿಟಾಲ್ ಎಂಬ ಸಕ್ಕರೆಯಂಥ ಅಂಶ ಇದೆ. ಕೆಲವರ ಕರುಳು ಅದನ್ನು ಪೂರ್ತಿ ಹೀರಿಕೊಳ್ಳುವುದಿಲ್ಲ, ಆಗ ವಾಯು ಆಗುತ್ತದೆ. ಒಂದು ಹಣ್ಣನ್ನು ಇಬ್ಬರು ಹಂಚಿಕೊಂಡು ತಿಂದು ನೋಡಿ. ಆದರೂ ತೊಂದರೆ ಅನ್ನಿಸಿದರೆ ವೈದ್ಯರನ್ನು ಕೇಳಿ.

## ಬರೆಯಲು ಶುರು ಮಾಡಿದವರು ಕೇಳುವುದು

ನಾನು ಬರೆದ ಪೇರ್ ಬಲ್ಬಿನ ಹಾಗೆ ಕಾಣುತ್ತೆ. ಏನು ಮಾಡ್ಲಿ?

ಎರಡು ಕಡೆಯನ್ನೂ ಒಂದೇ ಥರ ಬರೆಯುತ್ತಿದ್ದೀರಿ. ಎಡಗಡೆ ಗೆರೆ ಎಳೆದ ಮೇಲೆ ಕೈ ತಾನಾಗಿಯೇ ಬಲಗಡೆಯೂ ಅದನ್ನೇ ಎಳೆಯುತ್ತದೆ. ನಿಜವಾದ ಪೇರ್‌ನಲ್ಲಿ ಹಾಗಿರುವುದಿಲ್ಲ. ಒಂದು ಕಡೆ ಹೊಟ್ಟೆ ಕೆಳಗೆ ಇಳಿದಿರುತ್ತದೆ, ಇನ್ನೊಂದು ಕಡೆ ಮೇಲಿರುತ್ತದೆ. ಒಂದು ಪಕ್ಕ ಕತ್ತು ಒಳಕ್ಕೆ ಸರಿದಿದ್ದರೆ ಇನ್ನೊಂದು ಪಕ್ಕ ಬಹುತೇಕ ನೇರ.

ಹೊರಗೆರೆಯಿಂದ ಶುರು ಮಾಡಬೇಡಿ. ಮೊದಲು ತೊಟ್ಟಿನ ಬುಡದಿಂದ ಹಣ್ಣಿನ ಕೆಳಗಿನ ಕಣ್ಣಿನವರೆಗೆ ಒಂದು ನಡುಗೆರೆ ಎಳೆಯಿರಿ. ಅದು ಎಷ್ಟು ವಾಲಿದೆ ನೋಡಿ. ಆ ಗೆರೆಯ ಮೇಲೆ ಕೆಳಗೊಂದು ದೊಡ್ಡ ದುಂಡು, ಮೇಲೊಂದು ಸಣ್ಣ ದುಂಡು. ಇವೆರಡನ್ನೂ ಸೇರಿಸುವಾಗ ಎಡಗಡೆಯನ್ನು ನೋಡಿ ಎಡ, ಬಲಗಡೆಯನ್ನು ನೋಡಿ ಬಲ. ಬರೆದಿದ್ದನ್ನು ಕನ್ನಡಿಯಲ್ಲಿ ಹಿಡಿದು ನೋಡಿದರೆ ತಪ್ಪು ಥಟ್ಟನೆ ಕಾಣುತ್ತದೆ.

ತೊಟ್ಟು ಯಾವಾಗ್ಲೂ ಅಂಟಿಸಿದ ಕಡ್ಡಿ ಥರ ಆಗುತ್ತೆ

ತೊಟ್ಟು ಅಂದರೆ ಕೊಂಬೆಯ ತುಂಡು ಅಂತ ನೆನಪಿಡಿ. ಹಣ್ಣನ್ನು ಮರದಿಂದ ಕೀಳುವವರು ಎಳೆಯುವುದಿಲ್ಲ, ಹಣ್ಣನ್ನು ಮೆಲ್ಲಗೆ ಅಡ್ಡಕ್ಕೆ ಎತ್ತುತ್ತಾರೆ. ಬಲಿತಿದ್ದರೆ ತೊಟ್ಟು ಕೊಂಬೆಯ ಕಡೆಯ ಗಂಟಿನಲ್ಲಿ ತಾನೇ ಕಳಚಿಕೊಳ್ಳುತ್ತದೆ. ಅದಕ್ಕೇ ತೊಟ್ಟಿನ ತುದಿ ಚೂಪಾಗಿರುವುದಿಲ್ಲ, ಸಣ್ಣ ಉಬ್ಬು ಇರುತ್ತದೆ. ಆ ಉಬ್ಬು ಬರೆದರೆ ಅರ್ಧ ಕೆಲಸ ಮುಗಿಯಿತು. ಇನ್ನರ್ಧ ಬುಡದಲ್ಲಿದೆ. ಕೆಲವು ಹಣ್ಣಿನಲ್ಲಿ ತೊಟ್ಟು ಸಣ್ಣ ಗುಳಿಯಿಂದ ಏಳುತ್ತದೆ. ಬಾಸ್ಕ್‌ನಲ್ಲಿ ಕತ್ತಿನ ತಿರುಳೇ ಸಣ್ಣಗಾಗುತ್ತಾ ತೊಟ್ಟಿಗೆ ಸೇರಿಕೊಳ್ಳುತ್ತದೆ. ಎಲ್ಲಿ ಹಣ್ಣು ಮುಗಿಯಿತು, ಎಲ್ಲಿ ತೊಟ್ಟು ಶುರುವಾಯಿತು ಅಂತ ಗೆರೆ ಎಳೆಯಬೇಡಿ.

ಹಳದಿ ಹಣ್ಣಿನ ನೆರಳಿಗೆ ಕಪ್ಪು ಸೇರಿಸಿದೆ, ಹಸಿರಾಯ್ತು. ಯಾಕೆ?

ಕಪ್ಪು ಬಣ್ಣದೊಳಗೆ ತುಸು ನೀಲಿಯ ಛಾಯೆ ಇರುತ್ತದೆ. ಹಳದಿಯ ಜೊತೆ ಸೇರಿದಾಗ ಅದು ಮಾಸಲು ಹಸಿರಾಗುತ್ತದೆ. ಹಸಿರು ಪೇರ್ ಬರೆಯುವಾಗ ಇದೇ ನನ್ನ ಇಷ್ಟದ ಹಸಿರು. ಲೆಮನ್ ಯೆಲ್ಲೋ, ಜೊತೆಗೆ ಸಾಸಿವೆ ಕಾಳಿನಷ್ಟು ಕಪ್ಪು. ಟ್ಯೂಬಿನ ಹಸಿರಿಗಿಂತ ಹಣ್ಣಿಗೆ ಹತ್ತಿರ.

ಹಳದಿಯ ನೆರಳು ಬೇಕಿದ್ದರೆ ಬೇರೆ ದಾರಿ ಹಿಡಿಯಬೇಕು. ಮೊದಲ ಮೆಟ್ಟಿಲು ರಾ ಸಿಯೆನ್ನಾ ಎಂಬ ಮಣ್ಣು ಹಳದಿ, ಮುಂದಿನದು ಅದಕ್ಕೆ ಒಂದು ಚೂರು ನೇರಳೆ. ಹಳದಿಯ ಎದುರು ಬಣ್ಣ ನೇರಳೆ, ಎರಡೂ ಸೇರಿದಾಗ ಹಳದಿಯ ಅಬ್ಬರ ಇಳಿಯುತ್ತದೆ. ನೆರಳಿನ ಕೊನೆಯ ಅಂಚಿನಲ್ಲಿ, ಮೇಜಿನ ಹತ್ತಿರ, ಮತ್ತೆ ಸ್ವಲ್ಪ ಬೆಳಕು ಕಾಣುತ್ತದೆ. ಅದು ಮೇಜಿನಿಂದ ಪುಟಿದ ಬೆಳಕು. ಮೇಜಿನ ಬಣ್ಣ ಯಾವುದೋ ಅದನ್ನೇ ಅಲ್ಲಿ ಒಂದಿಷ್ಟು ಹಾಕಿ.

ಸಿಪ್ಪೆ ಮೇಲಿನ ಚುಕ್ಕೆಗಳನ್ನೆಲ್ಲ ಹಾಕ್ಬೇಕಾ?

ಎಲ್ಲ ಬೇಡ, ಆದರೆ ಬೇಕಾಬಿಟ್ಟಿಯೂ ಬೇಡ. ಅವು ಹಣ್ಣು ಉಸಿರಾಡುವ ರಂಧ್ರಗಳು. ನಿಮ್ಮ ಕಡೆಗಿರುವ ಹೊಟ್ಟೆಯ ಭಾಗದಲ್ಲಿ ಅವು ದುಂಡಗೆ, ದೂರ ದೂರ ಕಾಣುತ್ತವೆ. ಅಂಚಿಗೆ ಹೋದಂತೆ ಒತ್ತೊತ್ತಾಗಿ, ಉದ್ದುದ್ದ ಆಗುತ್ತವೆ. ಈ ಒಂದು ವ್ಯತ್ಯಾಸ ಸರಿ ಹಿಡಿದರೆ ಇಪ್ಪತ್ತು ಚುಕ್ಕೆಯಲ್ಲೇ ಹಣ್ಣು ದುಂಡಗಾಗುತ್ತದೆ. ಬೆಳಕು ಬಿದ್ದ ಕಡೆಯಿಂದ ನೆರಳು ಶುರುವಾಗುವ ಪಟ್ಟಿಯಲ್ಲಿ ಅವು ಚೆನ್ನಾಗಿ ಕಾಣುತ್ತವೆ. ಗಾಢ ನೆರಳಿನಲ್ಲಿ ಬಿಟ್ಟುಬಿಡಿ.

ಫೋಟೋ ನೋಡಿ ಬರೆದ್ರೆ ಸಾಲದಾ?

ಅಭ್ಯಾಸಕ್ಕೆ ಆಗಬಹುದು. ಆದರೆ ಫೋಟೋದಲ್ಲಿ ನೆರಳೆಲ್ಲ ಒಂದೇ ಕಪ್ಪಾಗಿ ಮುಚ್ಚಿಕೊಳ್ಳುತ್ತದೆ, ವಾಸನೆ ಬರುವುದಿಲ್ಲ, ಹಣ್ಣು ಹಣ್ಣಾಗುವುದೂ ಇಲ್ಲ. ಒಂದು ಹಣ್ಣು, ಒಂದು ದೀಪ, ಒಂದು ಬಿಳಿ ಕಾಗದ. ಇಷ್ಟು ಇದ್ದರೆ ಫೋಟೋ ಬೇಕಿಲ್ಲ.

ನಾನು ಇಟ್ಟ ಪೇರ್ ನಿಲ್ಲೋದೇ ಇಲ್ಲ, ಉರುಳಿ ಬೀಳುತ್ತೆ

ಕೆಳಗೆ ಒಂದು ನಾಣ್ಯ ಇಡಿ. ಇದು ನನ್ನ ಉಪಾಯ ಅಲ್ಲ. ಫ್ರಾನ್ಸಿನ ಚಿತ್ರಕಾರ ಪಾಲ್ ಸೆಜಾನ್ (1839–1906) ಹಣ್ಣುಗಳನ್ನು ಜೋಡಿಸುವಾಗ ಅಡಿಗೆ ಸಣ್ಣ ನಾಣ್ಯಗಳನ್ನಿಟ್ಟು ತನಗೆ ಬೇಕಾದ ಕೋನಕ್ಕೆ ವಾಲಿಸುತ್ತಿದ್ದ ಅಂತ ಎದುರಲ್ಲೇ ನೋಡಿದ ಲೂಯಿ ಲೆ ಬೈ ಎಂಬ ಚಿತ್ರಕಾರ ಹೇಳಿದ್ದಾನೆ. ಇದನ್ನು ತಿಳಿದ ಮೇಲೆ ಸೆಜಾನ್‌ನ ಹಣ್ಣುಗಳನ್ನು ನೋಡುವ ರೀತಿಯೇ ನನಗೆ ಬದಲಾಯಿತು. ಆ ವಾಲುವಿಕೆ ಅಲ್ಲಿ ಸುಮ್ನೆ ಬಂದದ್ದಲ್ಲ.

## ಇನ್ನೂ ಆಳಕ್ಕೆ ಇಳಿದವರು ಕೇಳುವುದು

ಕತ್ತು ಹೊಟ್ಟೆಗೆ ಸೇರುವ ಜಾಗ ನನಗೆ ಎಷ್ಟು ಬರೆದರೂ ಒಲಿಯುತ್ತಿಲ್ಲ

ಪೇರ್‌ನ ಕಷ್ಟವೂ ಸುಖವೂ ಅಲ್ಲೇ ಇರುವುದು. ನಾನು ವರ್ಷಗಟ್ಟಲೆ ಆ ಎರಡು ಬೆರಳಗಲದ ಜಾಗದ ಮುಂದೆಯೇ ಕೂತಿದ್ದೇನೆ.

ಹೊಟ್ಟೆ ಎಲ್ಲ ದಿಕ್ಕಿಗೂ ಉಬ್ಬಿದೆ. ಸೊಂಟದ ಜಾಗ ಹಾಗಲ್ಲ. ಹಣ್ಣಿನ ಸುತ್ತ ಬೆರಳು ಓಡಿಸಿದರೆ ಉಬ್ಬು, ಮೇಲಿಂದ ಕೆಳಗೆ ಓಡಿಸಿದರೆ ತಗ್ಗು. ಕುದುರೆಯ ಜೀನಿನ ಹಾಗೆ. ಹಾಗಾಗಿ ಬೆಳಕು ಅಲ್ಲಿ ಬೇರೆ ಥರ ನಡೆದುಕೊಳ್ಳುತ್ತದೆ. ಹೊಟ್ಟೆಯ ಮೇಲಿನ ಹೊಳಪು ಒಂದು ಚುಕ್ಕೆ. ಸೊಂಟದ ಹತ್ತಿರ ಅದು ಜಗ್ಗಿದಂತೆ ಉದ್ದವಾಗುತ್ತದೆ, ಎಷ್ಟೋ ಸಲ ಮಾಯವಾಗಿ ಮೇಲೆ ಕತ್ತಿನಲ್ಲಿ ಮತ್ತೆ ಕಾಣಿಸಿಕೊಳ್ಳುತ್ತದೆ. ಬೆಳಕು ಮುಗಿದು ನೆರಳು ಶುರುವಾಗುವ ಗಡಿ ನೇರ ಇಳಿಯುವುದಿಲ್ಲ, ಹಾವಿನಂತೆ ಬಾಗಿ ಇಳಿಯುತ್ತದೆ. ಜೊತೆಗೆ ಹೊಟ್ಟೆಯ ಮೇಲ್ಭಾಗಕ್ಕೆ ಬಿದ್ದ ಬೆಳಕು ಪುಟಿದು ಕತ್ತಿನ ಕೆಳಭಾಗಕ್ಕೆ ತಾಗುತ್ತದೆ. ಅದಕ್ಕೇ ಹಳದಿ ಪೇರ್‌ನ ಸೊಂಟದ ನೆರಳು ಒಳಗಿನಿಂದ ಬೆಚ್ಚಗೆ ಹೊಳೆಯುತ್ತದೆ. ಅಲ್ಲಿ ಬೂದು ಹಾಕಿದರೆ ಹಣ್ಣು ಸತ್ತುಹೋಗುತ್ತದೆ. ತುಸು ಕಿತ್ತಳೆ ಬೆರೆಸಿ.

ಒಂದು ಅಭ್ಯಾಸ ಹೇಳುತ್ತೇನೆ. ಕಪ್ಪು ನೂಲು ತೆಗೆದುಕೊಂಡು ಪೇರ್‌ಗೆ ಆರು ಕಡೆ ಅಡ್ಡಡ್ಡ ಸುತ್ತಿ ಕಟ್ಟಿ. ಈಗ ಹಣ್ಣನ್ನು ಬಿಟ್ಟು ಆ ಆರು ನೂಲುಗಳನ್ನು ಮಾತ್ರ ಬರೆಯಿರಿ. ಹೊರಗೆರೆ ಬೇಡ, ನೆರಳು ಬೇಡ. ಪ್ರತಿಯೊಂದು ನೂಲಿನ ಬಾಗು ಬೇರೆ. ನಿಮ್ಮ ಕಣ್ಣಿನ ಮಟ್ಟಕ್ಕಿಂತ ಕೆಳಗಿರುವ ನೂಲು ಕೆಳಕ್ಕೆ ಜೋತಂತೆ ಕಾಣುತ್ತದೆ, ಎಷ್ಟು ಕೆಳಗೋ ಅಷ್ಟು ಜಾಸ್ತಿ. ಆರೂ ಸರಿ ಬಂದರೆ ಕಾಗದದ ಮೇಲೆ ಹಣ್ಣು ಇಲ್ಲದೆಯೂ ಹಣ್ಣು ಕಾಣುತ್ತದೆ. ನಾನು ಈಗಲೂ ಹೊಸ ತಳಿ ಕೈಗೆ ಬಂದಾಗ ಇದನ್ನೇ ಮೊದಲು ಮಾಡುವುದು.

ದಿನ ದಿನಕ್ಕೆ ಬಣ್ಣ ಬದಲಾಗುತ್ತಲ್ಲ, ಚಿತ್ರ ಹೇಗೆ ಮುಗಿಸ್ತೀರಿ?

ಎರಡು ದಾರಿ. ಒಂದೇ ದಿನದ ಹಣ್ಣು ಬೇಕು ಅಂದರೆ ಮೊದಲ ಅರ್ಧ ಗಂಟೆ ಆಕಾರ ಬಿಟ್ಟು ಬಣ್ಣಗಳನ್ನೇ ಬೆರೆಸಿ, ಕಾಗದದ ಚೂರಿನ ಮೇಲೆ ಚೌಕ ಚೌಕವಾಗಿ ಹಚ್ಚಿ ಇಟ್ಟುಕೊಳ್ಳಿ. ನಾಳೆ ಹಣ್ಣು ಹಳದಿಯಾದರೂ ಇಂದಿನ ಹಸಿರು ನಿಮ್ಮ ಹತ್ತಿರ ಇರುತ್ತದೆ. ಕೆಲಸ ಇಲ್ಲದ ಹೊತ್ತಿನಲ್ಲಿ ಹಣ್ಣನ್ನು ಫ್ರಿಜ್ಜಿನಲ್ಲಿಡಿ, ಮಾಗುವುದು ನಿಧಾನವಾಗುತ್ತದೆ. ಹೊರತೆಗೆದ ಮೇಲೆ ಬೆವರು ಆರುವವರೆಗೆ ಕಾಯಿರಿ.

ನನಗೆ ಇಷ್ಟದ ದಾರಿ ಇನ್ನೊಂದು. ಅದೇ ಹಣ್ಣು, ಅದೇ ಜಾಗ, ಅದೇ ದೀಪ, ದಿನಕ್ಕೊಂದು ಅಂಗೈ ಅಗಲದ ಚಿತ್ರ. ಬಾರ್ಟ್ಲೆಟ್ ಆದರೆ ಮೊದಲ ದಿನ ಹಸಿರು. ಹಸಿರಿನ ಪತ್ರಹರಿತ್ತು ಕರಗುತ್ತಾ ಅಡಿಯಲ್ಲಿದ್ದ ಹಳದಿ ಮೇಲೆ ಬರುತ್ತದೆ. ತೊಟ್ಟಿನ ಸುತ್ತ ಸುಕ್ಕು ಬೀಳುತ್ತದೆ. ಎಲ್ಲೋ ಉಗುರು ತಾಗಿದ ಜಾಗ ಮೂರನೇ ದಿನಕ್ಕೆ ಕಂದು ಚಂದ್ರನಾಗುತ್ತದೆ. ಕೊನೆಯ ಚಿತ್ರ ಖಾಲಿ ತಟ್ಟೆಯದ್ದು, ಅದರಲ್ಲಿ ತೊಟ್ಟು ಮತ್ತು ನಾಲ್ಕಾರು ಬೀಜ.

ಹೆಚ್ಚಿದ ಪೇರ್ ಬರೆಯೋಷ್ಟರಲ್ಲಿ ಕಂದಾಗಿಬಿಡುತ್ತೆ

ಚಾಕು ತಾಗಿದಾಗ ಕೋಶಗಳು ಒಡೆದು, ಒಳಗಿನ ಕಿಣ್ವವೂ ಗಾಳಿಯ ಆಮ್ಲಜನಕವೂ ಸೇರಿ ಕಂದು ಬಣ್ಣ ಹುಟ್ಟುತ್ತದೆ. ನಿಂಬೆರಸ ಸವರಿದರೆ ತಡವಾಗುತ್ತದೆ, ಆದರೆ ಮೇಲ್ಮೈ ಒದ್ದೆಯಾಗಿ ಹೊಳಪು ಬದಲಾಗುತ್ತದೆ. ನಾನು ಇಡೀ ಚಿತ್ರವನ್ನು ಇಡಿ ಹಣ್ಣಿಟ್ಟುಕೊಂಡು ಮುಗಿಸಿ, ಹೆಚ್ಚಿದ ಭಾಗಕ್ಕೆ ಜಾಗ ಬಿಟ್ಟು, ಕೊನೆಗೆ ಕತ್ತರಿಸಿ ಇಪ್ಪತ್ತು ನಿಮಿಷದಲ್ಲಿ ಬರೆಯುತ್ತೇನೆ. ತಿರುಳು ಬಿಳಿ ಅಲ್ಲ, ನೆನಪಿರಲಿ. ಸಿಪ್ಪೆಯ ಅಡಿಗೆ ಹಸಿರಿನ ಒಂದು ಎಳೆ, ನಡುವೆ ಕೆನೆ ಬಣ್ಣ, ಬೀಜದ ಗೂಡಿನ ಸುತ್ತ ಕಲ್ಲುಕೋಶಗಳ ಮಂಕು ಉಂಗುರ.

ಹಿಂದಿನವರಲ್ಲಿ ಯಾರ ಪೇರ್ ನೋಡಬೇಕು?

ನಾನು ಮೊದಲು ಹೇಳುವುದು ಫ್ರಾನ್ಸಿನ ಜ್ಯಾಂ ಸಿಮಿಯೋಂ ಶಾರ್ಡಾಂ (1699–1779). ಅವನ ಪೇರ್‌ಗಳಲ್ಲಿ ಗೆರೆಯೇ ಇಲ್ಲ, ಗಾಳಿ ಹಣ್ಣಿನ ಸುತ್ತ ನಿಂತ ಹಾಗಿರುತ್ತದೆ. ಅದರ ಎದುರಿಗೆ ಸ್ಪೇನಿನ ಲೂಯಿಸ್ ಮೆಲೆಂಡೆಝ್ (1716–1780). ಇವನು ಒಂದು ಕಲೆ, ಒಂದು ತರಚು ಗಾಯ, ಒಂದು ಚುಕ್ಕೆ ಬಿಡುವುದಿಲ್ಲ. ಇಬ್ಬರನ್ನೂ ಒಂದೇ ದಿನ ನೋಡಿ, ನೀವು ಯಾವ ಕಡೆಯವರು ಅಂತ ಗೊತ್ತಾಗುತ್ತದೆ.

ಇಟಲಿಯ ಬಾರ್ತೊಲೊಮೆಯೊ ಬಿಂಬಿ 1699ರಲ್ಲಿ ಮೆಡಿಚಿ ಮನೆತನದ ಮೂರನೇ ಕೊಸಿಮೊಗಾಗಿ ಬರೆದ ಒಂದೇ ಚಿತ್ರದಲ್ಲಿ 115 ತಳಿಯ ಪೇರ್‌ಗಳಿವೆ. ಹಣ್ಣುಗಳಿಗೆ ಸಂಖ್ಯೆ, ಕೆಳಗೆ ಹೆಸರಿನ ಪಟ್ಟಿ. ತೋಟದ ಲೆಕ್ಕಪುಸ್ತಕವೂ ಹೌದು, ಹಬ್ಬವೂ ಹೌದು. ಜರ್ಮನಿಯ ಆಲ್ಬ್ರೆಕ್ಟ್ ಡ್ಯೂರರ್ 1512ರಲ್ಲಿ ಬರೆದ ಮಾತೆ ಮೇರಿಯ ಚಿತ್ರವೊಂದು ವಿಯೆನ್ನಾದ ಕುನ್ಸ್ಟ್‌ಹಿಸ್ಟಾರಿಶೆಸ್ ಮ್ಯೂಸಿಯಂನಲ್ಲಿದೆ. ಅದರಲ್ಲಿ ಮಗುವಿನ ಕೈಯಲ್ಲಿ ಪೇರ್‌ನ ಒಂದು ಹೋಳು.

ಇನ್ನೊಂದು ಬೇರೆಯೇ ಬಗೆಯದು. 1831ರಲ್ಲಿ ಫ್ರಾನ್ಸಿನ ವ್ಯಂಗ್ಯಚಿತ್ರಕಾರ ಶಾರ್ಲ್ ಫಿಲಿಪೋಂ, ರಾಜ ಲೂಯಿ ಫಿಲಿಪ್‌ನ ಮುಖ ನಾಲ್ಕು ಹೆಜ್ಜೆಯಲ್ಲಿ ಪೇರ್ ಆಗುವುದನ್ನು ಬರೆದು ತೋರಿಸಿದ. ರಾಜನನ್ನು ಅವಮಾನಿಸಿದ ಆರೋಪದ ಮೇಲೆ ನಡೆದ ವಿಚಾರಣೆಯಲ್ಲಿ, ಪೇರ್‌ಗೆ ರಾಜನ ಹೋಲಿಕೆ ಇದ್ದರೆ ಅದು ನನ್ನ ತಪ್ಪಾ ಅನ್ನುವುದು ಅವನ ವಾದ. ಆಮೇಲೆ ಪೇರ್ ಬರೆದರೆ ಸಾಕು, ಹೆಸರು ಹೇಳಬೇಕಿರಲಿಲ್ಲ. ಪೇರ್‌ಗೆ ನಿಲುವು ಇದೆ ಅಂತ ನಾನು ಮೇಲೆ ಹೇಳಿದೆನಲ್ಲ, ಇಲ್ಲಿ ಅದು ಒಂದು ದೇಶಕ್ಕೇ ಅರ್ಥವಾಗಿತ್ತು.

ಹಳೆಯ ಚಿತ್ರದಲ್ಲಿರೋ ಪೇರ್ ಈಗಲೂ ಸಿಗುತ್ತಾ?

ಎಷ್ಟೋ ತಳಿಗಳು ಸಿಗುತ್ತವೆ, ಅದೂ ಬರೀ ಹೋಲಿಕೆಯವಲ್ಲ, ಅವೇ. ಪೇರ್ ಬೀಜ ಹಾಕಿದರೆ ತಾಯಿಮರದಂಥ ಹಣ್ಣು ಬರುವುದಿಲ್ಲ. ಅದಕ್ಕೆ ಕಸಿ ಕಟ್ಟುತ್ತಾರೆ. ಕಸಿ ಅಂದರೆ ಅದೇ ಮರದ ಕೊಂಬೆ ಇನ್ನೊಂದು ಬೇರಿನ ಮೇಲೆ ಮುಂದುವರಿಯುವುದು. ಕಾಮಿಸ್ ಮೊದಲು ಹಣ್ಣು ಬಿಟ್ಟಿದ್ದು 1849ರಲ್ಲಿ, ಫ್ರಾನ್ಸಿನ ಆಂಜೆಯಲ್ಲಿ. ಇವತ್ತು ನೀವು ತಿನ್ನುವ ಪ್ರತಿ ಕಾಮಿಸ್ ಆ ಒಂದು ಮರದ ಕೊಂಬೆಯ ಕೊಂಬೆಯ ಕೊಂಬೆಯಿಂದ ಬಂದದ್ದು. ಬಾರ್ಟ್ಲೆಟ್ ಇನ್ನೂ ಹಳೆಯದು, ಹದಿನೆಂಟನೇ ಶತಮಾನದ ಇಂಗ್ಲೆಂಡಿನದು. ಅಲ್ಲಿ ಅದರ ಹೆಸರು ವಿಲಿಯಮ್ಸ್.

ನನಗೆ ಇದನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ. ನೂರೈವತ್ತು ವರ್ಷದ ಹಿಂದೆ ಯಾರೋ ಒಬ್ಬರು ಬರೆದ ಆ ರೂಪದರ್ಶಿಯೇ ಇವತ್ತು ನನ್ನ ಮೇಜಿನ ಮೇಲೆ ಕೂತಿದೆ. ಮರಗಳೂ ಬಹಳ ಬದುಕುತ್ತವೆ. ಅಮೆರಿಕದ ಮಸಾಚುಸೆಟ್ಸ್ ರಾಜ್ಯದ ಡ್ಯಾನ್ವರ್ಸ್‌ನಲ್ಲಿ 1630ರ ದಶಕದಲ್ಲಿ ನೆಟ್ಟಿದ್ದು ಅನ್ನುವ ಎಂಡಿಕಾಟ್ ಪೇರ್ ಮರ ಇನ್ನೂ ಇದೆ.

ಪೇರ್ ಮರದ ಕಟ್ಟಿಗೆ ಚಿತ್ರಕ್ಕೆ ಬಳಸ್ತಾರಂತೆ, ಹೌದಾ?

ಹೌದು. ಪೇರ್ ಮರದ ಎಳೆ ತುಂಬಾ ಸಣ್ಣದು, ಒಂದೇ ಸಮ. ಚಾಕು ಯಾವ ಕಡೆ ಹೋದರೂ ಸಿಬಿರೇಳುವುದು ಕಮ್ಮಿ. ಅದಕ್ಕೇ ಡ್ಯೂರರ್ ಕಾಲದಲ್ಲಿ ಮರದ ಅಚ್ಚು ಕೆತ್ತಲು ಪೇರ್ ಹಲಗೆಗೆ ಬೇಡಿಕೆ. ಕೊಳಲಿನಂಥ ರೆಕಾರ್ಡರ್ ವಾದ್ಯಗಳನ್ನೂ ಇದರಿಂದ ಮಾಡುತ್ತಾರೆ. ನನ್ನ ಹತ್ತಿರ ಒಂದು ಸಣ್ಣ ಹಲಗೆ ಇದೆ, ನಸುಗೆಂಪು ಬಣ್ಣ, ಕೈಗೆ ಸಾಬೂನಿನಷ್ಟು ನುಣುಪು. ಅದರ ಮೇಲೆ ಒಂದು ಪೇರನ್ನೇ ಕೆತ್ತಿದ್ದೇನೆ.

ಇಷ್ಟು ವರ್ಷ ಒಂದೇ ಹಣ್ಣು. ಬೇಜಾರಾಗಲ್ವಾ?

ಇಲ್ಲ. ಈಗ ಮೇಜಿನ ಮೇಲೆ ಮೂರು ಇವೆ. ಎರಡು ಬಾಸ್ಕ್, ಒಂದು ಕಾಮಿಸ್. ಕಾಮಿಸ್‌ನ ಸೊಂಟದ ನೆರಳು ನಿನ್ನೆಯಿಂದ ಅರ್ಧಕ್ಕೆ ನಿಂತಿದೆ, ಬೆಳಗಿನ ಬೆಳಕು ಬರುವವರೆಗೆ ಮುಟ್ಟುವಂತಿಲ್ಲ. ಈಗ ತಾನೇ ತೊಟ್ಟಿನ ಪಕ್ಕ ಹೆಬ್ಬೆರಳಿಟ್ಟು ನೋಡಿದೆ. ನಾಳೆ ಮಧ್ಯಾಹ್ನದವರೆಗೆ ತಡೆಯುತ್ತದೆ.